ರೊಟ್ಟಿ ಮುರಿಯದ ಕಾರು

ಖಡಕ್ ರೊಟ್ಟಿಯನ್ನು ಮುಂಬೈಯ ಲೋಕಲ್‌ನಲ್ಲಿ ಒಯ್ದವರಿಗೆ ಮಾತ್ರ ನನ್ನ ಆಗಿನ ಸಂಕಟ ತಿಳಿದೀತು. ವಡಾಲದಲ್ಲಿ ಹತ್ತುವಾಗ ಬುಟ್ಟಿಯನ್ನು ಎದೆಗೆ ಅವಚಿಕೊಂಡಿರುತ್ತಿದ್ದೆ. ಬಾಂದ್ರಾದಲ್ಲಿ ಗಾಡಿ ಬದಲಿಸುವಾಗ ಅದು ತಲೆಯ ಮೇಲೆ. ಅಂಧೇರಿ ದಾಟುವ ಹೊತ್ತಿಗೆ ಯಾರದೋ ಮೊಣಕೈ, ಯಾರದೋ ಟ್ರಂಕು, ಯಾರದೋ ಬೆನ್ನು ಒತ್ತಿ ಒತ್ತಿ ಒಳಗಿನಿಂದ ಚರಚರ ಸದ್ದು ಬರುತ್ತಿತ್ತು. ದಹಿಸರ್‌ನಲ್ಲಿ ಇಳಿದು ಬಟ್ಟೆ ಸರಿಸಿದರೆ, ಅವ್ವ ನಸುಕಿನಲ್ಲಿ ಚಂದಿರನ ಹಾಗೆ ತಟ್ಟಿ ಕಳಿಸಿದ್ದು ಚೂರುಚೂರಾಗಿ ಬಿದ್ದಿರುತ್ತಿತ್ತು.

ಅರವತ್ತರ ದಶಕ ಮುಗಿದು ಎಪ್ಪತ್ತು ಆಗಷ್ಟೇ ಶುರುವಾಗಿತ್ತು. ನನಗೆ ಹದಿನೆಂಟು ತುಂಬಿತ್ತು. ಶಾಲೆ ಬಿಟ್ಟು ಆಗಲೇ ಬಹಳ ವರ್ಷ. ನಾನೇ ಬಿಟ್ಟೆ, ಯಾರೂ ಬಿಡಿಸಲಿಲ್ಲ; ಅದನ್ನು ಇವತ್ತಿಗೂ ತಲೆ ಎತ್ತಿಯೇ ಹೇಳುತ್ತೇನೆ. ಬಿಟ್ಟ ಮರುದಿನದಿಂದ ಕೂತು ಉಂಡವನಲ್ಲ. ಮೊದಲು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸಿದೆ. ಆಮೇಲೆ ವಡಾಲದ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ತೊಳೆದೆ. ಅಲ್ಲಿನ ಡ್ರೈವರುಗಳು ಬಂದರಿನ ಬಯಲಿನಲ್ಲಿ ನನ್ನನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ, ಬೈದು, ತಲೆಗೆ ಮೊಟಕಿ, ಗಾಡಿ ಹೊಡೆಯುವುದನ್ನು ಕಲಿಸಿದರು. ಹದಿನೆಂಟು ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಂಡೆ.

ಅಪ್ಪ ಗವಂಡಿ. ವಿಜಾಪುರ ಕಡೆಯಿಂದ ಬಂದು ಈ ಊರಿನಲ್ಲಿ ಎಷ್ಟು ಗೋಡೆ ಕಟ್ಟಿದನೋ ಅವನಿಗೇ ಲೆಕ್ಕವಿರಲಿಲ್ಲ. ಅವ್ವನೂ ಮೊದಲು ಅವನ ಜೊತೆಗೇ ದುಡಿಯುತ್ತಿದ್ದಳು. ಕಬ್ಬಿಣದ ಘಮೇಲಾದಲ್ಲಿ ಕಲಸಿದ ಸಿಮೆಂಟು ತುಂಬಿ, ತಲೆಯ ಮೇಲಿಟ್ಟುಕೊಂಡು ಮಹಡಿ ಹತ್ತುವ ಕೆಲಸ. ಹತ್ತಿ ಹತ್ತಿ ಅವಳ ಕುತ್ತಿಗೆಯ ನರ ಹಿಡಿದುಕೊಂಡಿತು. ರಾತ್ರಿ ಮಗ್ಗುಲು ಬದಲಿಸಲೂ ನನ್ನನ್ನು ಕರೆಯುವ ಹಾಗಾಯಿತು. ಆಗ ದಹಿಸರ್‌ನಲ್ಲಿ ಹೊಸ ಬಿಲ್ಡಿಂಗ್‌ಗಳ ಕೆಲಸ ಎದ್ದಿತ್ತು. ಅಪ್ಪನ ಗ್ಯಾಂಗಿನವರೆಲ್ಲ ನಮ್ಮ ಕಡೆಯ ಆಳುಗಳೇ, ಅನ್ನ ತಿಂದರೆ ಹೊಟ್ಟೆ ತುಂಬಿತೆಂದು ಒಪ್ಪದವರು. ಆಳುಗಳನ್ನು ನಡೆಸುವ ಮುಕಾದಮ ಒಂದು ದಿನ ಅಪ್ಪನಿಗೆ, "ನಿನ್ನ ಹೆಂಡತಿ ರೊಟ್ಟಿ ಬಡದು ಕಳಿಸಿದ್ರ ಗ್ಯಾಂಗ್ ಪೂರಾ ತಗೋತೈತಿ" ಎಂದ. ಅವತ್ತಿನಿಂದ ಅವ್ವ ಘಮೇಲಾ ಕೆಳಗಿಟ್ಟಳು. ವಡಾಲದ ನಮ್ಮ ಚಾಳಿನ ಖೋಲಿಯಲ್ಲಿ ನಸುಕಿನಿಂದಲೇ ಪಟಪಟ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು. ರೊಟ್ಟಿ, ಶೇಂಗಾ ಚಟ್ನಿ, ಕಡಲೆಹಿಟ್ಟಿನ ಜುಣಕ. ಒಯ್ಯುವವನು ನಾನು.

ಮೆತ್ತನೆಯ ರೊಟ್ಟಿ ಕಳಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮುಂಬೈಯ ಬೆವರಿಗೆ ಅದು ಮಧ್ಯಾಹ್ನದೊಳಗೆ ಹಳಸಿದ ವಾಸನೆ ಹೊಡೆಯುತ್ತಿತ್ತು. ಅಲ್ಲದೆ ಆ ಆಳುಗಳಿಗೆ ತಾಟಿರಲಿಲ್ಲ. ರೊಟ್ಟಿಯೇ ತಾಟು. ಖಡಕ್ ರೊಟ್ಟಿಯನ್ನು ಅಂಗೈ ಮೇಲಿಟ್ಟು, ನಡುವೆ ಚಟ್ನಿ, ಜುಣಕ ಹಾಕಿಸಿಕೊಂಡು, ಗೋಡೆಗೆ ಕಟ್ಟಿದ ಬಿದಿರಿನ ಪರಾಂಚಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಅಂಚಿನಿಂದ ಮುರಿಯುತ್ತ ಬರುತ್ತಿದ್ದರು. ರೊಟ್ಟಿ ಚೂರಾಗಿದ್ದರೆ ಜುಣಕ ಎಲ್ಲಿ ಹಾಕಿಸಿಕೊಳ್ಳಬೇಕು?

"ಗವಂಡಿ, ನಿನ್ನ ಮಗ ರೊಟ್ಟಿ ತರ್ತಾನೋ, ಖಡಿ ತರ್ತಾನೋ?" ಎಂದು ಒಬ್ಬ ಕೇಳುತ್ತಿದ್ದ. ಖಡಿ ಎಂದರೆ ಜಲ್ಲಿ.

"ಖಡೀನ. ಅದಕ್ಕ ಒಂದೀಟು ಸಿಮೆಂಟ್ ಹಾಕಿ ಕಲಸು, ಸ್ಲ್ಯಾಬ್ ಹಾಕೂಣು," ಎಂದು ಇನ್ನೊಬ್ಬ.

ಎಲ್ಲರೂ ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ನಾನಂತೂ ನೆಲ ನೋಡುತ್ತಿದ್ದೆ. ಕೊನೆಗೊಂದು ದಿನ ಮುಕಾದಮನೇ ಬುಟ್ಟಿಯೊಳಗೆ ಕೈ ಹಾಕಿ ಒಂದು ಹಿಡಿ ಚೂರು ಎತ್ತಿ ಅಪ್ಪನಿಗೆ ತೋರಿಸಿದ. "ನೋಡಪಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಹುಡುಗೂರು ಒದರಾಕತ್ತಾರ. ಸ್ಟೇಷನ್ ಬಾಜೂಕಿನ ಖಾನಾವಳಿಯವ ದಿನಾ ಬಂದು ಕೇಳಾಕತ್ತಾನ. ಈ ಅಮಾಸಿ ಆದ ಮರುದಿನ ರೊಟ್ಟಿ ಇಡೀ ಬಂತು ಅಂದ್ರ ನಿಮ್ದು. ಇಲ್ಲಂದ್ರ ಅವಂದು."

ಅಪ್ಪ ಮನೆಗೆ ಬಂದು ಅದನ್ನು ಹೇಳಿದ. ಅವ್ವ ಎದ್ದು ಹೋಗಿ, ಮೂಲೆಯಲ್ಲಿ ಬೋರಲು ಹಾಕಿದ್ದ ಹಳೆಯ ಘಮೇಲಾವನ್ನು ತಿರುಗಿಸಿ ಒಳಗಿನ ಧೂಳು ಒರೆಸಿದಳು. ನಾನು ಅದನ್ನು ನೋಡಿದೆ. ಅಪ್ಪನೂ ನೋಡಿದ.

"ಅಪ್ಪಾ, ಒಂದು ಹಳೀ ಕಾರ್ ತಗೊಳ್ಳೂಣು," ಎಂದೆ. ಟ್ಯಾಕ್ಸಿ ತೊಳೆಯುವಾಗಿನಿಂದ ಹೊಟ್ಟೆಯೊಳಗಿಟ್ಟುಕೊಂಡಿದ್ದ ಮಾತು ಅದು.

ಚಾಳಿನಲ್ಲಿ ಸೈಕಲ್ ಇದ್ದವರೇ ಸಾವುಕಾರರು. ಅಪ್ಪ ನಕ್ಕುಬಿಡುತ್ತಾನೆ ಅಂದುಕೊಂಡೆ. ಅವನು ನಗಲಿಲ್ಲ. ಘಮೇಲಾವನ್ನು ಅವ್ವನ ಕೈಯಿಂದ ತೆಗೆದುಕೊಂಡು ಮತ್ತೆ ಬೋರಲು ಹಾಕಿದ. "ನೋಡೂಣು ನಡಿ," ಎಂದ.

ವಡಾಲದ ಬಂದರು ರಸ್ತೆಯ ಪಕ್ಕದಲ್ಲಿ ಹಳೆಯ ಕಾರು ಮಾರುವವರೊಬ್ಬರಿದ್ದರು. ನಮ್ಮ ಕಡೆಯವರೇ, ದಖನಿ ಮಾತಿನ ಮುಸಲ್ಮಾನರು. ಅವರ ಶೆಡ್ಡಿನ ಗೋಡೆಯನ್ನು ಅಪ್ಪನೇ ಕಟ್ಟಿದ್ದ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಆ ಭಾನುವಾರ ಹೊರಡುವಾಗ ಅಪ್ಪ ಅವ್ವನಿಗೆ ಒಂದು ಬುಟ್ಟಿ ರೊಟ್ಟಿ ಕಟ್ಟಲು ಹೇಳಿದ. ದಾರಿಯಲ್ಲಿ ಹಸಿವಾದರೆ ತಿನ್ನಲು ಎಂದುಕೊಂಡೆ. ಇಷ್ಟೊಂದು ಯಾಕೆ ಎಂದೂ ಅನ್ನಿಸಿತು.

"ಅರೇ ಗವಂಡಿ, ಯೇ ಕ್ಯಾ? ಗಾಡಿ ನೋಡಾಕ ಬಂದೀರೋ, ಊಟಕ್ಕ ಬಂದೀರೋ?" ಚಾಚಾ ಬುಟ್ಟಿ ನೋಡಿ ನಕ್ಕರು.

"ಗಾಡಿ ನೋಡಾಕ. ನನಗ ಇಂಜಿನ್ ಗೊತ್ತಾಗಂಗಿಲ್ಲ ಚಾಚಾ. ರೊಟ್ಟಿ ಗೊತ್ತಾಗ್ತದ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಶೆಡ್ಡಿನ ಎದುರಿಗೆ ತಿಳಿ ನೀಲಿ ಬಣ್ಣದ ಪುಟ್ಟ ಕಾರೊಂದು ನಿಂತಿತ್ತು. ಬಹಳ ಹಳೆಯದಲ್ಲ, ಮೈಮೇಲೆ ಒಂದು ಗೀರೂ ಇಲ್ಲ. ದಾರಿಯಲ್ಲಿ ಹೋಗುವಾಗ ಬರುವಾಗ ಎಷ್ಟು ಸಲ ಅದರ ಗಾಜಿನಲ್ಲಿ ಮುಖ ನೋಡಿಕೊಂಡಿದ್ದೆನೋ. ಬಾನೆಟ್ ಎತ್ತಿ, ಟ್ಯಾಕ್ಸಿಯವರಿಂದ ಕಲಿತ ಮಾತೆಲ್ಲ ಆಡಿದೆ. ಪ್ಲಗ್, ಪಾಯಿಂಟ್, ಪಿಸ್ಟನ್. ಚಾಚಾ ತಲೆಯಾಡಿಸುತ್ತ ಹೋದರು. ಅಪ್ಪ ಮಾತ್ರ ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟು, ಪಕ್ಕದಲ್ಲಿ ತಾನು ಕುಳಿತು, "ಹೊಡಿ. ಹಳಿ ಇರೂ ದಾರೀಲೆ ಹೊಡಿ," ಎಂದ.

ಬಂದರಿನ ರಸ್ತೆಗೆ ಅಡ್ಡಡ್ಡ ಗೂಡ್ಸ್ ಗಾಡಿಯ ಹಳಿಗಳಿದ್ದವು. ನೀಲಿ ಕಾರು ಹಕ್ಕಿಯ ಹಾಗೆ ಓಡಿತು. ಹಳಿ ಬಂದಾಗ ಮೇಕೆಯ ಹಾಗೆ ನೆಗೆಯಿತು. ಹಿಂದಿನಿಂದ ನನಗೆ ಚೆನ್ನಾಗಿ ಪರಿಚಯವಿದ್ದ ಆ ಚರಚರ ಸದ್ದು ಕೇಳಿಸಿತು. ಅಪ್ಪ ಬಟ್ಟೆ ಸರಿಸಿ, ಒಂದು ಚೂರನ್ನು ಮುಂದೆ ಕುಳಿತಿದ್ದ ಚಾಚಾನ ಕೈಗಿಟ್ಟ.

"ತಿನ್ರಿ. ಈ ಗಾಡಿ ಬ್ಯಾಡ."

"ಯಾ ಅಲ್ಲಾ! ಗವಂಡಿ, ಹಿಂದ ರೊಟ್ಟಿ ಇಟ್ಟು ಗಾಡಿ ತಗೊಳ್ಳೂ ಗಿರಾಕಿ ನಾ ಇಲ್ಲೀತನ ನೋಡಿಲ್ಲ." ಹೇಳುತ್ತಲೇ ಚಾಚಾ ಚೂರನ್ನು ಬಾಯಿಗೆ ಹಾಕಿಕೊಂಡರು. "ಎಷ್ಟು ವರ್ಷ ಆತು ಇದನ್ನ ತಿಂದು," ಎಂದು ಇನ್ನೊಂದು ಚೂರಿಗೆ ಕೈ ಚಾಚಿದರು.

ಆಮೇಲೆ ಶೆಡ್ಡಿನ ಹಿಂದೆ ಕರೆದೊಯ್ದು, ಅಲ್ಲಿ ಗೋಣಿತಟ್ಟು ಹೊದ್ದು ಮಲಗಿದ್ದ ಒಂದು ಮುದಿ ಗಾಡಿಯನ್ನು ತೋರಿಸಿದರು. ವಿಲಾಯಿತಿಯದು, ಬೂದಿ ಬಣ್ಣ, ಎಮ್ಮೆಯಂಥ ಮೈ. ಒಂದು ಬಾಗಿಲಿಗೆ ಕತ್ತದ ಹಗ್ಗ ಕಟ್ಟಿತ್ತು. ಫೋರ್ಟಿನ ಯಾವುದೋ ಆಫೀಸಿನ ದೊಡ್ಡ ಸಾಹೇಬರು ಬಿಟ್ಟುಹೋದದ್ದಂತೆ. "ಅಪ್ಪಾ, ಇದನ್ನ ನೋಡಿದ್ರ ಚಾಳಿನ ಹುಡುಗೂರು ನಗ್ತಾವ," ಎಂದು ಪಿಸುಗುಟ್ಟಿದೆ. ಅಪ್ಪ ಆಗಲೇ ಬುಟ್ಟಿ ಸಮೇತ ಹಿಂದೆ ಕುಳಿತಿದ್ದ.

ಹಳಿ ಬಂದವು. ಮುದಿ ಗಾಡಿ ನೆಗೆಯಲಿಲ್ಲ. ದೋಣಿಯ ಹಾಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಿ ದಾಟಿತು. ಹಿಂದೆ ಸದ್ದಿಲ್ಲ. ಅಪ್ಪ ಇನ್ನೊಮ್ಮೆ ಹೊಡೆಸಿದ, ಮತ್ತೊಮ್ಮೆ ಹೊಡೆಸಿದ. ಬಟ್ಟೆ ಸರಿಸಿದಾಗ, ಮೊದಲೇ ಮುರಿದಿದ್ದನ್ನು ಬಿಟ್ಟರೆ ಹೊಸದೊಂದೂ ಮುರಿದಿರಲಿಲ್ಲ. ಅಪ್ಪ ಗಾಡಿಯ ಸೀಟನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿದ.

ವ್ಯಾಪಾರ ಟವೆಲ್ಲಿನ ಕೆಳಗೆ ನಡೆಯಿತು. ನಮ್ಮ ಕಡೆ ದನದ ಸಂತೆಯಲ್ಲಿ ಹಾಗೆಯೇ. ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಬಟ್ಟೆ ಮುಚ್ಚಿದ ಕೈಗಳೊಳಗೆ ಬೆರಳು ಹಿಡಿದು ಹೇಳುತ್ತಾರೆ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದಾಗ ನಾನು ಬೆವರು ಒರೆಸಿಕೊಳ್ಳುತ್ತಾನೆ ಎಂದುಕೊಂಡೆ. ಚಾಚಾ ಕಣ್ಣರಳಿಸಿ ಕೈ ಮುಂದೆ ಚಾಚಿದರು. ಚಿಕ್ಕವರಿದ್ದಾಗ ತಮ್ಮ ತಂದೆಯ ಜೊತೆ ಸಂತೆಗೆ ಹೋದವರು ಅವರು. ಟವೆಲ್ಲಿನ ಕೆಳಗೆ ಬೆರಳುಗಳು ಮಿಸುಕಿದವು. ಚಾಚಾ "ನಕ್ಕೋ, ನಕ್ಕೋ" ಎಂದು ಬೇಡವೆಂಬಂತೆ ತಲೆಯಾಡಿಸಿದರು. ಅಪ್ಪ ಆಕಾಶ ನೋಡಿದ. ಮತ್ತೆ ಮಿಸುಕಿದವು. ಇಬ್ಬರೂ ಒಮ್ಮೆಲೇ ಕೈ ಕೊಡವಿದರು. ಆಯಿತು. ಅಪ್ಪನ ದುಡಿಮೆ, ಅವ್ವನ ರೊಟ್ಟಿಯ ಗಳಿಕೆ, ನನ್ನ ಟ್ಯಾಕ್ಸಿ ತೊಳೆದ ಕೂಲಿ ಎಲ್ಲ ಅದರಲ್ಲಿ ಸೇರಿತು. ಎಷ್ಟಕ್ಕೆ ಆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಅಪ್ಪ, "ಗಾಡಿ ನಡೀತದಿಲ್ಲೋ?" ಎನ್ನುತ್ತಿದ್ದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎತ್ತಿನ ವ್ಯಾಪಾರದಲ್ಲಿ ಇನ್ನೊಂದು ಪದ್ಧತಿಯಿದೆ. ಎತ್ತು ಕೊಂಡವನು ಅದರ ಹಗ್ಗ ಕೇಳುವುದಿಲ್ಲ. ಹಗ್ಗ ಮಾರಿದವನ ಮನೆಯಲ್ಲೇ ಉಳಿಯಬೇಕು. ಇಲ್ಲದಿದ್ದರೆ ಅವನ ಕೊಟ್ಟಿಗೆಯ ಭಾಗ್ಯವೇ ಎದ್ದುಹೋಗುತ್ತದೆ ಎನ್ನುತ್ತಾರೆ. ಅಪ್ಪ ಹೊರಡುವ ಮುಂಚೆ ಕೈಮುಗಿದು, "ಹಗ್ಗ ನಿಮ್ಮಲ್ಲೇ ಇರ್ಲಿ ಚಾಚಾ," ಎಂದ.

"ಕಾರಿಗೆ ಹಗ್ಗ ಎಲ್ಲೀದು?" ಎಂದರು ಚಾಚಾ. ಹೇಳಿದರೇ ಹೊರತು ಅವರಿಗೂ ಆ ಮಾತು ಹಿಡಿಸಿತ್ತು. ಬಾಗಿಲಿಗೆ ಕಟ್ಟಿದ ಕತ್ತದ ಹಗ್ಗವನ್ನು ಬಿಚ್ಚಿದರೆ ಬಾಗಿಲೇ ನಿಲ್ಲುವುದಿಲ್ಲ. ಇಬ್ಬರು ಹಿರಿಯರೂ ಗಾಡಿಯ ಸುತ್ತ ತಿರುಗಿ ಯೋಚಿಸಿದರು. ಕೊನೆಗೆ ಚಾಚಾ ಡಿಕ್ಕಿಯಿಂದ ಹ್ಯಾಂಡಲ್ ತೆಗೆದರು. ಸೆಲ್ಫ್ ಹಿಡಿಯದಿದ್ದಾಗ ಮುಂದಿನಿಂದ ತೂರಿಸಿ ತಿರುಗಿಸಿ ಇಂಜಿನ್ ಎಬ್ಬಿಸುವ ಕಬ್ಬಿಣದ ಹ್ಯಾಂಡಲ್. "ಯೇ ದೇಖೋ. ಮಲಗಿದ್ದನ್ನ ಎಬ್ಬಸೂದು ಇದ. ಇದ ಇದರ ಹಗ್ಗ."

"ಅಪ್ಪಾ, ಅದು ಬೇಕಾಗ್ತದ!" ಎಂದೆ. "ಬ್ಯಾಟರಿ ಹಳೇದು."

"ಸುಮ್ನಿರಲೇ. ಹಗ್ಗ ಇಸಗೊಂಡು ಹೋದ್ರ ಮಾರಿದವ್ರ ಮನೀಗೆ ಬರ್ಕತ್ ಇಲ್ಲ."

ಚಾಚಾ ಅದನ್ನು ಶೆಡ್ಡಿನೊಳಗೆ ಮೊಳೆಗೆ ತೂಗುಹಾಕಿದರು. ಇಬ್ಬರೂ ಬಹಳ ಸಂತೋಷದಲ್ಲಿದ್ದರು.

ಅಮಾವಾಸ್ಯೆಯ ದಿನ ಗವಂಡಿಗಳು ಕರಣಿ ಮುಟ್ಟುವುದಿಲ್ಲ. ಅಪ್ಪ ಮನೆಯಲ್ಲಿದ್ದು ಗಾಡಿಗೆ ಪೂಜೆ ಮಾಡಿದ. ಚಾಳಿನ ಹುಡುಗರು ನಕ್ಕರು, ಆಮೇಲೆ ಒಳಗೆ ಕೂರಿಸಿಕೋ ಎಂದು ಜಗಳವಾಡಿದರು. ಮರುದಿನ ಅಪ್ಪ ಎಂದಿನಂತೆ ಬೆಳಗಿನ ಲೋಕಲ್ ಹಿಡಿದು ಸೈಟಿಗೆ ಹೋದ. ಹೋಗುವಾಗ ಗಾಡಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅಷ್ಟು ಹೆದರಿದ್ದ.

ಅವ್ವ ತಾನೂ ಬರುತ್ತೇನೆ ಎಂದಳು. ಹಿಂದಿನ ಸೀಟಿನಲ್ಲಿ ಬುಟ್ಟಿಯ ಪಕ್ಕ ಕುಳಿತು ಅದರ ಮೇಲೆ ಕೈಯಿಟ್ಟಳು, ಮಲಗಿದ ಕೂಸಿನ ಮೇಲೆ ಇಡುವ ಹಾಗೆ. ಸೆಲ್ಫ್ ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಸಾಯನ್ ದಾಟಿದೆವು. ಧಾರಾವಿ ಹಿಂದೆ ಬಿತ್ತು. ನಾನು ಟ್ಯಾಕ್ಸಿ ಡ್ರೈವರುಗಳ ಹಾಗೆ ಮೊಣಕೈ ಹೊರಗೆ ಹಾಕಿದೆ. ಮಾಹಿಮ್ ಹತ್ತಿರ ರಸ್ತೆ ಅಗೆದಿದ್ದರು. ಬಸ್ಸೊಂದು ಎದುರಿಗೆ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಇಂಜಿನ್ನೂ ನಿಂತಿತು.

ಸೆಲ್ಫ್ ಒತ್ತಿದೆ. ಟಿಕ್ ಎಂದಿತು. ಮತ್ತೆ ಒತ್ತಿದೆ. ಟಿಕ್ ಎಂಬುದೂ ಇಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. "ಏ ಬಾಬೂ, ಬೈಲ್‌ಗಾಡಿ ಘರ್ ಪೇ ಬಾಂಧ್ ಕೆ ರಖ್!" ಎಂದು ಟ್ರಕ್ಕಿನವನೊಬ್ಬ ಕೂಗಿದ. ಎತ್ತಿನ ಗಾಡಿಯಾಗಿದ್ದರೆ ಹಗ್ಗವಾದರೂ ಕೈಯಲ್ಲಿರುತ್ತಿತ್ತು ಎಂದುಕೊಂಡು, ಮೊಳೆಗೆ ತೂಗುತ್ತಿದ್ದ ಆ ಹ್ಯಾಂಡಲ್ ನೆನಪಾಗಿ ಅಳು ಬಂದ ಹಾಗಾಯಿತು. ಬಿಸಿಲು ಏರುತ್ತಿತ್ತು. ದಹಿಸರ್ ಇನ್ನೂ ದೂರ.

ಅವ್ವ ಕಿಟಕಿಯಿಂದ ಹೊರಗೆ ತಲೆ ಹಾಕಿ ನೋಡುತ್ತಿದ್ದಳು. ಅಗೆದ ರಸ್ತೆಯಲ್ಲಿ ಮಣ್ಣು ಹೊರುತ್ತಿದ್ದ ಹೆಂಗಸರು ತಮ್ಮತಮ್ಮಲ್ಲೇ ಏನೋ ಬೈದಾಡಿಕೊಳ್ಳುತ್ತಿದ್ದರು. ಅವ್ವನ ಕಿವಿ ನೆಟ್ಟಗಾಯಿತು.

"ಯವ್ವಾ, ಯಾವೂರು ನಿಮ್ದು?"

ಒಬ್ಬಳು ತಿರುಗಿ ನೋಡಿದಳು. "ಬಾಗಲಕೋಟಿ ಕಡೆಯವ್ರು. ನೀವೇನು ಕಾರ್‌ನ್ಯಾಗ ಕುಂತು ಕನ್ನಡ ಮಾತಾಡ್ತೀರಲ್ಲ, ಯಾರ ಸೌಕಾರ್ತಿ?"

"ನಾ ಸೌಕಾರ್ತಿ ಆದ್ರ ನಿನ್ನ ಯಾಕ ಕರೀತಿದ್ದೆ? ನಾನೂ ನಿನ್ನಂಗ ಬುಟ್ಟಿ ಹೊತ್ತಾಕೀನ. ಒಳಗ ಗ್ಯಾಂಗಿನವ್ರ ರೊಟ್ಟಿ ಅದಾವ. ಗಾಡಿ ಸತ್ತು ಬಿದ್ದೈತಿ. ಒಂದೀಟು ನೂಕ್ರಿ ತಂಗೀ."

ಅವರು ಬುಟ್ಟಿಗಳನ್ನು ಅಲ್ಲೇ ಬಿಟ್ಟು ಬಂದರು. ಸೀರೆಯ ಕಚ್ಚೆ ಬಿಗಿದು ಹಿಂದೆ ಸಾಲಾಗಿ ನಿಂತರು. "ಮೆಲ್ಲಕ ನೂಕ್ರಿ," ಎಂದಳು ಅವ್ವ. "ಮೆಲ್ಲಕ ನೂಕಿದ್ರ ಚಾಲೂ ಆಗಂಗಿಲ್ಲವ್ವಾ," ಎಂದೆ ನಾನು. "ಜೋರ್ ನೂಕ್ಬೇಕು. ಕ್ಲಚ್ ಬಿಟ್ಟಾಗ ಝಟಕಾ ಹೊಡೀತದ. ರೊಟ್ಟಿ..."

ಅವ್ವ ಬುಟ್ಟಿಯನ್ನು ಸೀಟಿನಿಂದ ಎತ್ತಿದಳು. ಎರಡೂ ಕೈಗಳಲ್ಲಿ ಹಿಡಿದು, ತೊಡೆಗೂ ತಾಗಿಸದೆ, ಎದೆಗೂ ತಾಗಿಸದೆ ಗಾಳಿಯಲ್ಲಿಟ್ಟುಕೊಂಡಳು. ಆ ಕುತ್ತಿಗೆ ಇಟ್ಟುಕೊಂಡು. "ಈಗ ಹೊಡಿ," ಎಂದಳು.

ಹೆಂಗಸರು "ಹೈಸಾ" ಎಂದು ನೂಕಿದರು. ಗಾಡಿ ಉರುಳಿತು, ಓಡಿತು. ಕ್ಲಚ್ ಬಿಟ್ಟೆ. ಗಾಡಿ ಮೂಗು ಮುಗ್ಗರಿಸಿದ ಹಾಗೆ ಬಗ್ಗಿ, ಗಡಗಡ ನಡುಗಿ, ಒಮ್ಮೆ ಗುಡುಗಿ ಎದ್ದಿತು. ಅದೇ ಗಳಿಗೆಯಲ್ಲಿ ಹಿಂದಿನಿಂದ ಟಳ್ ಎಂದು ಏನೋ ಮುರಿದ ಸದ್ದು ಕೇಳಿಸಿತು.

"ಏನವ್ವಾ ಅದು?"

"ಮುಂದ ನೋಡಿ ಹೊಡಿ."

"ರೊಟ್ಟೀನಾ?"

"ಮುಂದ ನೋಡಂದ್ನಿ."

ಕನ್ನಡಿಯಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು. ಅವಳು ಬಟ್ಟೆ ಸರಿಸಿ ನೋಡಲಿಲ್ಲ. ನೋಡುವ ಧೈರ್ಯ ಅವಳಿಗೂ ಇರಲಿಲ್ಲ ಎಂದು ಆಮೇಲೆ ಹೇಳಿದಳು. ನಾನು ದಹಿಸರ್‌ವರೆಗೂ ಒಂದೇ ಉಸಿರಿನಲ್ಲಿ ಹೋದ ಹಾಗೆ ಹೋದೆ. ಎಲ್ಲಿ ನಿಲ್ಲಿಸಬೇಕಾಯಿತೋ ಅಲ್ಲೆಲ್ಲ ಇಂಜಿನ್ ಆರದ ಹಾಗೆ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದೆ.

ಸೈಟಿನಲ್ಲಿ ಊಟದ ಹೊತ್ತಾಗಿತ್ತು. ಆಳುಗಳು ಪರಾಂಚಿಯ ಮೇಲಿಂದಲೇ ಗಾಡಿ ನೋಡಿ ಸಿಳ್ಳೆ ಹೊಡೆದರು. ಮುಕಾದಮ ಎದುರಿಗೆ ಬಂದ. ಅಪ್ಪ ಅವನ ಹಿಂದೆ, ಸಿಮೆಂಟಿನ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. ಅವ್ವ ಇಳಿದು ಬುಟ್ಟಿಯನ್ನು ಇಟ್ಟಿಗೆಯ ರಾಶಿಯ ಮೇಲಿಟ್ಟಳು. ಯಾರೂ ಬಟ್ಟೆ ಮುಟ್ಟಲಿಲ್ಲ. ಕೊನೆಗೆ ಮುಕಾದಮನೇ ಸರಿಸಿದ.

ಮೇಲಿನ ರೊಟ್ಟಿ ಇಡಿಯಾಗಿತ್ತು. ಎತ್ತಿದ, ಕೆಳಗಿನದೂ ಇಡಿಯಾಗಿತ್ತು. ಅದರ ಕೆಳಗಿನದೂ. ಕೈ ಹಾಕಿ ತಳದವರೆಗೆ ತಡಕಾಡಿದ. ತಡಕಾಡಿದ ಕೈಯಲ್ಲಿ ಬಂದದ್ದು ಒಂದು ಹಸಿರು ಗಾಜಿನ ಚೂರು.

"ಇದೇನು?"

ಅವ್ವ ತನ್ನ ಕೈ ನೋಡಿಕೊಂಡಳು. "ನನ್ನ ಬಳಿ ಒಂದು ಹೆಚ್ಚಾತು," ಎಂದಳು. ಹೆಂಗಸರು ಬಳೆ ಒಡೆಯಿತು ಎನ್ನುವುದಿಲ್ಲವಲ್ಲ. ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಗು ನಿಲ್ಲಲಿಲ್ಲ. ನಾನೂ ನಕ್ಕೆ. ಮುಕಾದಮ ಒಂದು ರೊಟ್ಟಿಯನ್ನು ಅಂಗೈ ಮೇಲಿಟ್ಟುಕೊಂಡು, "ಹಾಕವಾ ಜುಣಕ. ನಾಳೀಂದನೂ ಹಿಂಗ ಬರ್ಲಿ," ಎಂದ.

ಖಡಿ ಎಂದು ಹಂಗಿಸುತ್ತಿದ್ದವನು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಗವಂಡಿ, ಇವತ್ತು ಸ್ಲ್ಯಾಬ್ ಬರೋಬ್ಬರಿ ಬಿದ್ದೈತಿ!" ಎಂದು ಕೂಗಿದ. ಅಪ್ಪ ಆಗ ಉಸಿರು ಬಿಟ್ಟ. ಅದನ್ನು ನಾನು ಕೇಳಿಸಿಕೊಂಡೆ. ಕಟ್ಟಿದ ಗೋಡೆಗೆ ಆತು ಕುಳಿತು, ಎಷ್ಟೋ ದಿನಗಳ ಮೇಲೆ ತಾನೂ ಒಂದು ಇಡೀ ರೊಟ್ಟಿ ತೆಗೆದುಕೊಂಡ.

ಊಟ ಅರ್ಧವಾದಾಗ ಅವನಿಗೆ ಅನುಮಾನ ಬಂತು. "ಲೇ, ಗಾಡಿ ಯಾಕ ಇನ್ನೂ ಗುರುಗುಟ್ಟಾಕತ್ತೈತಿ? ಬಂದ್ ಮಾಡು."

"ಬಂದ್ ಮಾಡಿದ್ರ ಮತ್ತ ಎಬ್ಬಸಾಕ ಹಗ್ಗ ಇಲ್ಲಪ್ಪಾ."

ಮಾಹಿಮ್‌ನಲ್ಲಿ ಆದದ್ದನ್ನು ಹೇಳಿದೆ. ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಆಮೇಲೆ ಹಣೆ ಬಡಿದುಕೊಂಡ. "ಥೂ ನನ್ನ! ಮಾರಿದವ ಹಗ್ಗ ಇಟ್ಕೋತಾನ, ಖರೆ. ಆದ್ರ ಕೊಂಡವ ಸಂತಿಗೆ ಹೋಗೂ ಮುಂದ ತನ್ನ ಹಗ್ಗ ಹೆಗಲಿಗೆ ಹಾಕ್ಕೊಂಡ ಹೋಗ್ತಾನ. ಬರೇ ಟವೆಲ್ ಹಾಕ್ಕೊಂಡ ಹೋದ್ನೆಲ್ಲೋ ನಾ!"

ಎದ್ದು ಹೋದವನು ಸಲಾಕೆ ಬಗ್ಗಿಸುವ ಗೆಳೆಯನನ್ನು ಹಿಡಿದ. ನಾನು ಹ್ಯಾಂಡಲಿನ ಆಕಾರವನ್ನು ಮರಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಅವನು ದಪ್ಪ ಸಲಾಕೆಯೊಂದನ್ನು ಗೂಟಕ್ಕೆ ಸಿಕ್ಕಿಸಿ ಎರಡು ಕಡೆ ಬಗ್ಗಿಸಿದ. ವೆಲ್ಡಿಂಗ್ ಹುಡುಗ ತುದಿಗೆ ಅಡ್ಡಕ್ಕೆ ಒಂದು ತುಂಡು ಬೆಸೆದ. ಒರಟಾಗಿತ್ತು, ಹಿಡಿದರೆ ಅಂಗೈ ಗೀರುತ್ತಿತ್ತು. ಅಪ್ಪ ನನ್ನಿಂದ ಇಂಜಿನ್ ಆರಿಸಿ, ತಾನೇ ಮುಂದೆ ಬಗ್ಗಿ ತೂರಿಸಿ ತಿರುಗಿಸಿದ. ಒಂದು ಸುತ್ತು, ಇನ್ನೊಂದು ಸುತ್ತು. ಮುದಿ ಗಾಡಿ ಎದ್ದಿತು. ಅಪ್ಪ ಮಗುವಿನ ಹಾಗೆ ನನ್ನ ಮುಖ ನೋಡಿದ.

ಸಂಜೆ ಮೂವರೂ ಅದರಲ್ಲೇ ಮನೆಗೆ ಹೊರಟೆವು. ಅಪ್ಪ ನನ್ನ ಪಕ್ಕ, ಕಾಲ ಸಂದಿನಲ್ಲಿ ಆ ಸಲಾಕೆ. ಅವ್ವ ಹಿಂದಿನ ಸೀಟಿನಲ್ಲಿ ಖಾಲಿ ಬುಟ್ಟಿಗೆ ಕುತ್ತಿಗೆ ಆನಿಸಿ ನಿದ್ದೆಹೋಗಿದ್ದಳು. ಮಾಹಿಮ್ ಬಂದಾಗ ಅದು ಹೇಗೋ ಎಚ್ಚರವಾಗಿ, "ನಿಲ್ಲಸು," ಎಂದಳು. ಮಣ್ಣು ಹೊರುವ ಹೆಂಗಸರು ಕೆಲಸ ಮುಗಿಸಿ ರಸ್ತೆಯಂಚಿನಲ್ಲಿ ಕಾಲು ತೊಳೆಯುತ್ತಿದ್ದರು. ಅವ್ವ ಅವರಿಗಾಗಿ ಸೆರಗಿನಲ್ಲಿ ಕೆಲವು ರೊಟ್ಟಿ ಕಟ್ಟಿಟ್ಟುಕೊಂಡಿದ್ದಳು.

"ಬಂದ್ಯಾ ಸೌಕಾರ್ತಿ," ಎಂದಳು ಬೆಳಗಿನವಳು. "ಮತ್ತ ನೂಕಬೇಕೇನು?"

"ಇಲ್ಲವಾ, ಈಗ ನಮ್ಮ ಹಗ್ಗ ನಮ್ಮ ಹಂತ್ಯಾಕ ಐತಿ," ಎಂದು ಅಪ್ಪನೇ ಉತ್ತರ ಕೊಟ್ಟ.

ಅವ್ವ ಬಾಗಿಲ ಹಗ್ಗ ಬಿಚ್ಚಿಕೊಂಡು ಇಳಿದಳು. ಅವಳ ಮಾತು ಬೇಗ ಮುಗಿಯುವುದಲ್ಲ ಎಂದು ನನಗೆ ಗೊತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ಹಚ್ಚಿ, ಕೀಲಿ ತಿರುಗಿಸಿ, ಇಂಜಿನ್ ಬಂದ್ ಮಾಡಿದೆ.